ಹಸಿರು ಜೀಪಿನ ಎಡಗಡೆ ಸೀಟು

‘ಇದು ಈ ಜನ್ಮದಾಗ ಪಾಸ್ ಆಗೂದಿಲ್ಲ, ಬರದ್ ಇಟ್ಕೊ’ ಎಂದು ಖಡಾಖಂಡಿತ ಹೇಳಿದವರು ಅಮೆರಿಕದ ವೆಸ್ಟ್ ವಿಂಡ್ಸರ್ ಊರಿನ ಪಾಟೀಲ ಅಂಕಲ್. ಧಾರವಾಡದ ಕಡೆಯವರು, ಸೇತುವೆ ಕಟ್ಟುವ ಇಂಜಿನಿಯರು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಹೇಳುವುದಕ್ಕೇ ಅವರಿಗೆ ಸಂಬಳ ಬರುತ್ತಿತ್ತು. ಎರಡನೆಯವಳು ನನ್ನ ಹೆಂಡತಿ ಸುಮಾ. ಮೂರನೆಯವನು ವಾಹನ ತಪಾಸಣೆ ಮಾಡುವ ಸರ್ಕಾರಿ ಮನುಷ್ಯ. ಅವನು ಬಾಯಲ್ಲಿ ಹೆಚ್ಚೇನೂ ಹೇಳಲಿಲ್ಲ. ಮುಂದಿನ ಗಾಜಿಗೆ ಒಂದು ಕೆಂಪು ಸ್ಟಿಕರ್ ಅಂಟಿಸಿ ಕಳಿಸಿದ.

ಪಾಸಾಗುತ್ತದೆ ಎಂದು ನಂಬಿದ್ದವರು ಇಬ್ಬರೇ, ನಾನು ಮತ್ತು ನಮ್ಮಪ್ಪ. ನಮ್ಮ ವಂಶದಲ್ಲಿ ನಂಬಿಕೆಗೆ ಯಾವತ್ತೂ ಕೊರತೆಯಾಗಿಲ್ಲ. ಕೊರತೆಯೇನಿದ್ದರೂ ಮೊದಲನೇ ಸಲಕ್ಕೆ ಪಾಸಾಗುವುದರಲ್ಲಿ. ನಮ್ಮ ಕುಲದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು, ಆ ಡಿಗ್ರಿಯ ಗಣಿತವನ್ನು ಗೆಲ್ಲುವಷ್ಟರಲ್ಲಿ ಪರೀಕ್ಷಾ ಕೊಠಡಿಯ ಜವಾನನೇ ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ಒಂದೇ ಸಲಕ್ಕೆ ಪಾಸಾಗುವವರಿಗೆ ಪಾಸಾಗುವುದರ ರುಚಿ ಗೊತ್ತಿರುವುದಿಲ್ಲ ಎನ್ನುವುದು ನನ್ನ ಅನುಭವದ ಮಾತು. ನೀವು ಒಂದೇ ಸಲಕ್ಕೆ ಪಾಸಾದವರಾಗಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ.

ಇದೆಲ್ಲ ಈಗ ನೆನಪಾದದ್ದು ಒಂದು ಬ್ರಷ್ಷಿನಿಂದ. ಮೊನ್ನೆ ಬೇಸ್‌ಮೆಂಟಿನಲ್ಲಿ ಹಿಮ ಎತ್ತುವ ಸಲಿಕೆ ಹುಡುಕುತ್ತಿದ್ದಾಗ ಗೋಡೆಯ ಸಂದಿಯಲ್ಲಿ ಸಿಕ್ಕಿತು. ಕೂದಲೆಲ್ಲ ಕಲ್ಲಿನಂತೆ ಗಟ್ಟಿಯಾಗಿದೆ, ಬಣ್ಣ ಕಡು ಹಸಿರು, ತುದಿಯಲ್ಲಿ ಮಾತ್ರ ಸ್ವಲ್ಪ ಕೆಂಪು. ಸುಮಾ ‘ಬಿಸಾಕ್ರೀ ಅದನ್ನ’ ಅಂದಳು. ನಾನು ಸಲಿಕೆಯನ್ನು ಮರೆತು ಅದನ್ನು ಹಿಡಿದು ಮೆಟ್ಟಿಲ ಮೇಲೆ ಕೂತೆ. ಹೊರಗೆ ಹಿಮ ತನ್ನ ಪಾಡಿಗೆ ತಾನು ಬೀಳುತ್ತಿತ್ತು.

ಎಂಬತ್ತರ ದಶಕದ ಕೊನೆ ಇರಬೇಕು. ನಾವಾಗ ಎಡಿಸನ್ನಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಮ್ಮ ಅಕ್ಕನ ಬಾಣಂತನಕ್ಕೆಂದು ಊರಲ್ಲೇ ನಿಂತಿದ್ದಳು. ಅಪ್ಪನೊಬ್ಬನೇ ಬೇಸಿಗೆಗೆ ಬಂದು, ದಸರಾ ಮುಗಿಸಿಕೊಂಡು ಹೋಗುವುದೆಂದು ಟಿಕೆಟ್ಟಾಗಿತ್ತು. ಅಪ್ಪ ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಜೀಪ್ ಡ್ರೈವರ್ ಆಗಿದ್ದು ರಿಟೈರ್ ಆದವನು. ಸರ್ವಿಸ್ ಪೂರ್ತಿ ಬೇರೆಯವರು ಹೇಳಿದ ಕಡೆಗೇ ಗಾಡಿ ಓಡಿಸಿದ್ದ. ನಾವು ಮಕ್ಕಳು ಆ ಜೀಪಿನಲ್ಲಿ ಕೂರಬಹುದಾಗಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಊರ ಬಾಗಿಲಿನ ತನಕ ಒಂದು ಸುತ್ತು. ಅದೂ ಹಿಂದುಗಡೆ. ಮುಂದಿನ ಎಡಗಡೆ ಸೀಟು ಸಾಹೇಬರದು. ಸಾಹೇಬರು ಊರಲ್ಲಿಲ್ಲದಿದ್ದರೂ ಅದು ಸಾಹೇಬರದೇ. ನಾವೆಲ್ಲ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಹೋಗುತ್ತಿದ್ದರೆ, ಆ ಸೀಟಿನ ಮೇಲೆ ಅಪ್ಪ ಪೂಜೆಯ ತಟ್ಟೆ ಇಟ್ಟಿರುತ್ತಿದ್ದ. ತೆಂಗಿನಕಾಯಿ ಹೋಳುಗಳು ಸಾಹೇಬರ ಹಾಗೆ ಹಾಯಾಗಿ ಬರುತ್ತಿದ್ದವು.

ನನ್ನ ಬಿ.ಇ. ಸರ್ಟಿಫಿಕೇಟ್ ಕೈಗೆ ಬಂದ ದಿನ ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಸುಮಾರು ಹೊತ್ತು ನೋಡಿ, ಒಂದೇ ಮಾತು ಹೇಳಿದ್ದ: ‘ಇನ್ಮ್ಯಾಕೆ ನೀನು ಎಡಗಡೆ ಕೂರೋನು ಕಣ್ಲಾ.’ ಆಮೇಲೆ ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತುಹಾಕಿದ. ಅಮ್ಮ ದಿನವೂ ಅದಕ್ಕೂ ಒಂದು ಹೂವು ಸಿಕ್ಕಿಸುತ್ತಿದ್ದಳು. ಮೂರು ಸಲ ಫೇಲಾದವನಿಗೆ ಇಷ್ಟು ಮರ್ಯಾದೆ ಎಲ್ಲೂ ಸಿಕ್ಕಿರಲಾರದು.

ಇಂಥ ಅಪ್ಪನನ್ನು ಒಂದು ಭಾನುವಾರ ನದಿಯಾಚೆ ಫ್ಲಶಿಂಗಿನಲ್ಲಿರುವ ಗಣಪತಿ ದೇವಸ್ಥಾನಕ್ಕೆ ರೈಲು, ನೆಲದಡಿಯ ಸಬ್‌ವೇ ಎಲ್ಲ ಹತ್ತಿಸಿ ಕರೆದುಕೊಂಡು ಹೋದೆ. ಕ್ಯಾಂಟೀನಿನ ದೋಸೆ ಚೆನ್ನಾಗಿತ್ತು ಎಂದು ಒಪ್ಪಿಕೊಂಡ. ಪ್ರಯಾಣ ಮಾತ್ರ ಹಿಡಿಸಲಿಲ್ಲ.

‘ಗಣಪತಿ ನೋಡಾಕೆ ಇಲಿ ಬಿಲದಾಗೆ ತೂರ್ಕೊಂಡು ಹೋಗ್ಬೇಕೇನ್ಲಾ? ಒಂದು ಜೀಪ್ ಇದ್ದಿದ್ರೆ ಗಾಳಿ ಕುಡ್ಕಂಡು ಹೋಗ್ಬೋದಿತ್ತು’ ಅಂದ.

ಅಪ್ಪ ಮಾತಿಗೆ ಅಂದದ್ದು. ಆದರೆ ಮರುವಾರವೇ ರೂಟ್ ಒನ್ ಹೆದ್ದಾರಿಯ ಪಕ್ಕದ ಹುಲ್ಲಿನಲ್ಲಿ ಒಂದು ಜೀಪು ಮಾರಾಟಕ್ಕೆ ನಿಂತಿತ್ತು. ಬಣ್ಣ ಇದ್ದ ಕಡೆ ತುಕ್ಕು, ತುಕ್ಕು ಇಲ್ಲದ ಕಡೆ ತೂತು. ಇಂಜಿನ್ ಮಾತ್ರ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿದ ಅಪ್ಪನ ಮುಖ ನೋಡಬೇಕಿತ್ತು. ಹೆಂಡತಿಯನ್ನು ಕೇಳದೆ ಕೊಂಡುಕೊಂಡೆ. ಇಂಥ ಧೈರ್ಯ ನನಗೆ ಆಮೇಲೆ ಮತ್ತೆ ಬಂದಿಲ್ಲ.

ಅಪ್ಪನಿಗೆ ಒಂದೇ ಆಸೆ. ಊರಿಗೆ ಹೊರಡುವ ಮೊದಲು, ವಿಜಯದಶಮಿಯ ದಿನ, ನಮ್ಮದೇ ಗಾಡಿಯಲ್ಲಿ ಫ್ಲಶಿಂಗಿಗೆ ಹೋಗಿ ಗಣಪತಿಯ ಎದುರು ನಿಲ್ಲಿಸಬೇಕು. ಸುಮಾಳದು ಒಂದೇ ಷರತ್ತು.

‘ಇನ್‌ಸ್ಪೆಕ್ಷನ್ ಪಾಸಾಗ್ಲಿ. ಅಲ್ಲೀವರೆಗೂ ಮಾವನ್ನ ಆ ತಗಡಿನ ಡಬ್ಬೀಲಿ ಕೂರಿಸ್ಕೊಂಡು ಬ್ರಿಡ್ಜ್ ಮೇಲೆ ಹೋಗೋ ಮಾತೇ ಇಲ್ಲ. ಮಾವ, ನೀವೂ ಕೇಳಿಸ್ಕೊಳಿ.’

‘ಆಯ್ತವ್ವ’ ಅಂದ ಅಪ್ಪ. ಆಫೀಸರುಗಳ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಮೊದಲ ತಪಾಸಣೆಗೆ ಇಬ್ಬರೇ ಹೋದೆವು. ಈ ದೇಶದ ಗಾಡಿಗಳಲ್ಲಿ ಸ್ಟೇರಿಂಗು ಎಡಗಡೆ ಇರುತ್ತದೆಂದು ನಿಮಗೆ ಗೊತ್ತು. ಅಪ್ಪನಿಗೂ ಗೊತ್ತಿತ್ತು, ಅವನ ಕಾಲಿಗೆ ಗೊತ್ತಿರಲಿಲ್ಲ. ಬಲಗಡೆ ಕೂತವನು ಸಿಗ್ನಲ್ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಆ ತುಕ್ಕು ಹಿಡಿದ ನೆಲ ಅದನ್ನು ಎಷ್ಟು ಸಲ ತಡೆದೀತು? ಸ್ಟೇಷನ್ ಬಾಗಿಲಲ್ಲಿ ಅಪ್ಪನ ಚಪ್ಪಲಿಯ ಮುಂಭಾಗ ತಗಡನ್ನು ತೂರಿ ಕೆಳಗೆ ಇಳಿಯಿತು. ತಪಾಸಣೆಯವನು ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ಅವನಿಗೆ ಮೊದಲು ಕಂಡದ್ದು ನಮ್ಮಪ್ಪನ ಹೆಬ್ಬೆರಳು.

ಕೆಂಪು ಸ್ಟಿಕರ್ ಎಂದರೆ, ಗಡುವಿನೊಳಗೆ ರಿಪೇರಿ ಮಾಡಿಸಿ ಮತ್ತೆ ತೋರಿಸಬೇಕು, ಇಲ್ಲದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ನೆಲ ತೂತು, ಹಿಂದಿನ ಮಡ್‌ಗಾರ್ಡು ತೂತು, ಮುಂದೆ ಬಂಪರೇ ಇಲ್ಲ. ಸಾಲದ್ದಕ್ಕೆ ಹಳೆಯ ಮಾಲೀಕ ಹಾಕಿಸಿದ್ದ ಅಗಲದ ಟೈರುಗಳು ಬಾಡಿಯಿಂದ ಆಚೆ ಚಾಚಿಕೊಂಡಿವೆ, ಅವಕ್ಕೆ ಮುಚ್ಚಿಗೆ ಬೇಕು. ಗಡುವು ಮುಗಿಯುವುದು ಸರಿಯಾಗಿ ವಿಜಯದಶಮಿಯ ದಿನ. ‘ನೋಡ್ದಾ, ದೇವ್ರೇ ಡೇಟ್ ಕೊಟ್ಟವ್ನೆ’ ಎಂದು ಅಪ್ಪ ಖುಷಿಪಟ್ಟ.

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಗಾಡಿ ಬಿಚ್ಚುವಂತಿರಲಿಲ್ಲ. ಹಾಗಾಗಿ ಪಾಟೀಲ ಅಂಕಲ್ ಮನೆಯ ಡ್ರೈವ್‌ವೇ ಕೇಳಿದೆ. ಅವರು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ಮಡ್‌ಗಾರ್ಡ್ ಮುಟ್ಟಿದರು. ಬೆರಳು ಒಳಗೆ ಹೋಯಿತು. ಆಗ ಬಂದದ್ದೇ ಮೇಲೆ ಹೇಳಿದ ಭವಿಷ್ಯವಾಣಿ.

‘ರಂಗನಾಥ, ನಿನಗ ಗಾಡಿ ಮಾರಿಲ್ಲಪಾ ಅವ, ಜಾಳಿಗಿ ಮಾರ್ಯಾನ. ಡ್ರೈವ್‌ವೇಕ್ಕ ಮೊನ್ನೆ ಡಾಂಬರ್ ಹೊಡಿಸೀನಿ, ಕಲಿ ಬೀಳಬಾರ್ದು ನೋಡು.’

‘ಒಂದು ಹನಿ ಬೀಳಲ್ಲ ಅಂಕಲ್’ ಅಂದೆ. ಇಂಥ ಮಾತು ಕೊಡುವಾಗ ನನ್ನ ದನಿ ತುಂಬಾ ಗಂಭೀರವಾಗಿರುತ್ತದೆ.

ನನ್ನ ಕೆಲಸ ಕಂಪ್ಯೂಟರಿನದು. ಬಿ.ಇ. ಓದುವಾಗ ವರ್ಕ್‌ಶಾಪಿನಲ್ಲಿ ಒಂದು ಕಬ್ಬಿಣದ ಚೌಕ ಅರೆದು, ಅದನ್ನು ಗುಂಡಗೆ ಮಾಡಿದ್ದು ಬಿಟ್ಟರೆ ಲೋಹಕ್ಕೂ ನನಗೂ ಸಂಬಂಧವಿರಲಿಲ್ಲ. ಅಪ್ಪನಿಗೆ ಗಾಡಿ ಓಡಿಸುವುದು ಗೊತ್ತಿತ್ತು, ಬೆಳಗ್ಗೆ ಎದ್ದು ಅದರ ಮುಖ ತೊಳೆಸುವುದು ಗೊತ್ತಿತ್ತು. ತಗಡಿನ ಕೆಲಸವೇನಿದ್ದರೂ ಜೀಪು ತುಮಕೂರಿಗೆ ಹೋಗಿ, ಅಲ್ಲಿ ಅದೇನೋ ಆಗಿ, ವಾಪಸು ಬರುತ್ತಿತ್ತು. ಹೀಗೆ ಇಬ್ಬರಿಗೂ ಏನೂ ಗೊತ್ತಿಲ್ಲದ ಕಾರಣ ನಮ್ಮ ನಡುವೆ ಚರ್ಚೆಗೆ ಕೊನೆಯೇ ಇರಲಿಲ್ಲ.

ಶನಿವಾರ ಭಾನುವಾರ ಪೂರ್ತಿ ಉಪ್ಪುಕಾಗದ ಹಿಡಿದು ಉಜ್ಜುವುದು. ಉಜ್ಜಿದಷ್ಟೂ ತೂತು ದೊಡ್ಡದಾಗುತ್ತಿತ್ತು. ಒಂದು ಹಂತದಲ್ಲಿ ಅಪ್ಪ ‘ಸಾಕು ನಿಲ್ಸ್ಲಾ, ಆಮೇಲೆ ಗಾಳಿಗೆ ಬಣ್ಣ ಬಳೀಬೇಕಾಯ್ತದೆ’ ಎಂದು ಕೈ ಹಿಡಿದ. ನೆಲಕ್ಕೆ ಹೊಸ ತಗಡು ಹೊಡೆದೆವು. ಮಡ್‌ಗಾರ್ಡಿನ ತೂತುಗಳಿಗೆ ಒಳಗಿನಿಂದ ಫೈಬರ್ ಬಟ್ಟೆ ಅಂಟಿಸಿ, ಮೇಲೆ ಪುಟ್ಟಿ ಮೆತ್ತಿದೆವು. ಪುಟ್ಟಿ ಮೆತ್ತುವುದರಲ್ಲಿ ಅಪ್ಪನದು ರೊಟ್ಟಿ ತಟ್ಟುವ ಕೈ, ನನ್ನದು ಸಗಣಿ ಸಾರಿಸುವ ಕೈ. ಎಡಗಡೆ ಮಡ್‌ಗಾರ್ಡು ನುಣ್ಣಗೆ ಬಂತು, ಬಲಗಡೆಯದರಲ್ಲಿ ಮಧುಗಿರಿ ಬೆಟ್ಟದ ಛಾಯೆ ಇತ್ತು. ಚಕ್ರಗಳ ಮೇಲೆ ಕೂರಿಸಲು ಕ್ಯಾಟಲಾಗಿನಿಂದ ರಬ್ಬರಿನ ಅಗಲ ಪಟ್ಟಿ ತರಿಸಿದೆ. ಮಾರುವವರು ಅದಕ್ಕೆ ಫ್ಲೇರ್ ಅನ್ನುತ್ತಾರೆ, ಅಪ್ಪ ಅದಕ್ಕೆ ಸೂರು ಅಂದ. ಚಕ್ರಕ್ಕೆ ಸೂರು ಇಳಿಸಿದ ಮೇಲೆ ಜೀಪು ಮಳೆಗೆ ತಲೆ ಮೇಲೆ ಕೈ ಇಟ್ಟುಕೊಂಡು ನಿಂತವರ ಹಾಗೆ ಕಾಣುತ್ತಿತ್ತು.

ಪಾಟೀಲ ಅಂಕಲ್ ಚಹಾ ಕಪ್ಪು ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಗೂದಿಲ್ಲ ಎಂದು ಹೇಳಿದವರಿಗೆ, ಆಗುತ್ತಿರುವುದನ್ನು ಸುಮ್ಮನೆ ನೋಡುತ್ತ ನಿಲ್ಲುವುದು ಕಷ್ಟ. ಬಂಪರಿನ ಮಾತು ಬಂದಾಗ ಅವರಿಂದ ತಡೆಯಲಾಗಲಿಲ್ಲ. ಕಪ್ಪು ಕೆಳಗಿಟ್ಟರು.

‘ಬಂಪರ್ ನನಗ ಬಿಡು. ನಿಂದು ಸಾಫ್ಟ್‌ವೇರ್ ಕೈ.’

ಮುಂದಿನ ವಾರ ಅವರು ತಂದದ್ದು ಬಂಪರಲ್ಲ. ಅದೊಂದು ತೊಲೆ. ಅದರ ಮೇಲೆ ರೈಲು ಹೋಗಬಹುದಿತ್ತು. ನಾವು ಮೂವರು ಎತ್ತಲಾರದೆ, ಕೊನೆಗೆ ಪಾಟೀಲ ಆಂಟಿಯೂ ಸೀರೆ ಸೆರಗು ಸಿಕ್ಕಿಸಿಕೊಂಡು ಬಂದು ಕೈ ಕೊಟ್ಟರು. ಬೋಲ್ಟು ಬಿಗಿದು ಎಲ್ಲರೂ ಹಿಂದೆ ಸರಿದು ನೋಡಿದರೆ ಜೀಪು ಮುಂದಕ್ಕೆ ಬಗ್ಗಿ ನೆಲ ಮೂಸುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಬೆಳಕು ಅದರ ಪಾದಕ್ಕೇ ಬೀಳುತ್ತಿತ್ತು.

‘ಯಜಮಾನರ, ಹೆಂಗದ ಬಂಪರ್?’ ಎಂದು ಅಂಕಲ್ ಅಪ್ಪನನ್ನು ಕೇಳಿದರು.

‘ಬಂಪರ್ ಬಲವಾಗೈತೆ ಸಾರ್. ಅದುಕ್ಕೊಂದು ಗಾಡಿ ಬೇಕಾಗ್ತದೆ’ ಅಂದ ಅಪ್ಪ.

ಅಂಕಲ್ ಒಂದು ವಾರ ಅಪ್ಪನೊಂದಿಗೆ ಮಾತಾಡಲಿಲ್ಲ. ಆದರೆ ತೊಲೆಯನ್ನೂ ಬಿಚ್ಚಲು ಬಿಡಲಿಲ್ಲ.

ಇನ್ನು ಉಳಿದದ್ದು ಬಣ್ಣ. ಅದನ್ನು ಬ್ರಷ್ಷಿನಲ್ಲೇ ಬಳಿಯುವುದೆಂದು ತೀರ್ಮಾನವಾಯಿತು, ತಾಲ್ಲೂಕು ಕಚೇರಿಯ ಜೀಪಿನದೇ ಹಸಿರು. ಅಂಗಡಿಯಲ್ಲಿ ಅಪ್ಪ ಬಣ್ಣದ ಚೀಟಿಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ‘ಸಾಹೇಬ್ರು ಬೈಯೋ ಹಸಿರು ಇದಲ್ಲ, ಇದು ಸಾಹೇಬ್ರು ನಗೋ ಹಸಿರು’ ಎಂದು ಒಂದೊಂದನ್ನೇ ತಳ್ಳಿಹಾಕಿ, ಕೊನೆಗೆ ಒಂದನ್ನು ಆರಿಸಿದ. ಆದರೆ ಆ ಅಕ್ಟೋಬರಿನಲ್ಲಿ ಚಳಿ ಬೇಗ ಇಳಿಯಿತು, ಜೊತೆಗೆ ಜಿಟಿಜಿಟಿ ಮಳೆ. ಗ್ಯಾರೇಜಿನ ಸೂರಿನಡಿ ನಿಲ್ಲಿಸಿ ಎರಡನೇ ಕೋಟು ಬಳಿಯುವಷ್ಟರಲ್ಲಿ ಆಯುಧಪೂಜೆಯ ಹಿಂದಿನ ಸಂಜೆ ಬಂತು. ಡಬ್ಬಿಯ ಮೇಲೆ, ಪೂರ್ತಿ ಒಣಗಲು ವಾರ ಬಿಡಿ ಎಂದು ಬರೆದಿತ್ತು. ನಮಗೆ ವಾರ ಎಲ್ಲಿತ್ತು? ನಾಡಿದ್ದು ತಪಾಸಣೆ, ಫ್ಲಶಿಂಗು. ಅದಾದ ಮೇಲೆ ಅಪ್ಪನ ವಿಮಾನ.

ಆಯುಧಪೂಜೆಯ ಬೆಳಗ್ಗೆ ಬೆರಳಿಂದ ಮುಟ್ಟಿ ನೋಡಿದೆ. ಬೆರಳಚ್ಚು ಮೂಡಿತು.

‘ಅಪ್ಪ, ಇನ್ನೂ ಹಸೀನೆ ಇದೆ. ಈ ಸಲ ದೂರದಿಂದಲೇ ಆರತಿ ಎತ್ತಿಬಿಡೋಣ.’

ಅಪ್ಪ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಗಣಿತದಲ್ಲಿ ಫೇಲಾದಾಗಲೂ ಹಾಗೆ ನೋಡಿರಲಿಲ್ಲ.

‘ಸಾಹೇಬ್ರ ಗಾಡಿಗೆ ಸರ್ವಿಸ್ ಪೂರ್ತಿ ಪೂಜೆ ಮಾಡಿವ್ನಿ. ನನ್ ಮಗನ್ ಗಾಡಿಗೆ ದೂರದಿಂದ ಕೈ ಮುಗೀಬೇಕಾ?’

ನಾನು ಪೂಜೆಯ ತಟ್ಟೆ ಮುಂದೆ ಹಿಡಿದೆ. ಅಪ್ಪ ಬಾನೆಟ್ಟಿನ ಮೇಲೆ ವಿಭೂತಿಯ ಪಟ್ಟೆ ಎಳೆದ. ಮಡ್‌ಗಾರ್ಡು, ಬಾಗಿಲು, ಸೂರು, ತೊಲೆ, ಒಂದನ್ನೂ ಬಿಡದೆ ಅರಿಶಿನ ಇಟ್ಟು, ಅದರ ಮೇಲೆ ಹೆಬ್ಬೆರಳಗಲದ ಕುಂಕುಮ ಒತ್ತಿದ. ತೇವಕ್ಕೆ ಅದು ಎಷ್ಟು ಚೆನ್ನಾಗಿ ಕಚ್ಚಿಕೊಂಡಿತೆಂದರೆ ಅಪ್ಪನಿಗೇ ಆಶ್ಚರ್ಯವಾಗಿ, ‘ಇಲ್ಲಿ ಕುಂಕುಮ ಚೆನ್ನಾಗೈತಲ್ಲವ್ವ, ಉದುರಾಕಿಲ್ಲ’ ಎಂದು ಸುಮಾಳಿಗೆ ಹೇಳಿದ. ಬೂದುಗುಂಬಳ ಸಿಗದ್ದರಿಂದ ರಸ್ತೆ ಬದಿಯ ತೋಟದಿಂದ ಕಿತ್ತಳೆ ಬಣ್ಣದ ಕುಂಬಳ ತಂದಿದ್ದೆ. ಹ್ಯಾಲೋವೀನ್ ಹಬ್ಬಕ್ಕೆಂದು ಮನೆಮನೆಯೂ ಕುಂಬಳ ಕೆತ್ತಿಡುವ ಆ ತಿಂಗಳು ಅಮೆರಿಕದಲ್ಲಿ ಅದಕ್ಕೇನು ಬರ. ಅದರೊಳಗೆ ಕುಂಕುಮ ತುಂಬಿ, ನಿವಾಳಿಸಿ, ಅಂಕಲ್ ಹೊಸದಾಗಿ ಡಾಂಬರು ಹೊಡೆಸಿದ ಡ್ರೈವ್‌ವೇಯ ನಟ್ಟನಡುವೆ ಅಪ್ಪ ಒಡೆದ. ಅಂಕಲ್ ಬಾಯಿ ತೆರೆದರು. ಆಂಟಿ ‘ಪೂಜಿ ಐತಿ, ಸುಮ್ನಿರ್ರಿ’ ಎಂದದ್ದಕ್ಕೆ ಮುಚ್ಚಿದರು. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಲಿಯಾಚೆ ನಿಂತು ನೋಡಿ, ಹ್ಯಾಲೋವೀನಿಗೆ ಇನ್ನೂ ದಿನವಿದೆಯಲ್ಲ ಎಂದು ಕೇಳಿತು. ನಮ್ಮಲ್ಲಿ ಸ್ವಲ್ಪ ಬೇಗ ಬರುತ್ತದೆ ಎಂದೆ.

ಮಾರನೆಯ ಬೆಳಗ್ಗೆ ತಪಾಸಣೆಗೆ ಹೊರಡುವ ಮುಂಚೆ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದೆ. ವಿಭೂತಿ ಬರಲಿಲ್ಲ, ಅರಿಶಿನ ಬರಲಿಲ್ಲ, ಕುಂಕುಮವಂತೂ ಜನ್ಮಕ್ಕೆ ಅಂಟಿದಂತೆ ಅಂಟಿತ್ತು. ಎರಡು ಚೆಂಡುಹೂವಿನ ಎಸಳು ಕೂಡ ಬಾನೆಟ್ಟಿನಲ್ಲಿ ಹೂತಿದ್ದವು. ಸ್ವಲ್ಪ ಥಿನ್ನರ್ ಹಾಕಿ ನೋಡಿದರೆ ಬಣ್ಣವೇ ಎದ್ದು, ಕೆಳಗಿನ ಪುಟ್ಟಿ ಇಣುಕಿತು. ಬ್ರಷ್ಷಿನಲ್ಲಿ ಅಲ್ಲಿಗಷ್ಟೇ ಹಸಿರು ಮುಟ್ಟಿಸಲು ಹೋದೆ, ಬ್ರಷ್ಷೇ ಕೆಂಪಾಯಿತು.

ನನ್ನ ಮಗಳು ಪಲ್ಲವಿ ಆಗಿನ್ನೂ ಕಿಂಡರ್‌ಗಾರ್ಟನ್. ಅವಳು ಜೀಪನ್ನು ನೋಡಿ, ‘ತಾತ, ಇಟ್ ಹ್ಯಾಸ್ ಚಿಕನ್ ಪಾಕ್ಸ್’ ಅಂದಳು.

‘ಏನಂತದೆ ಮಗು?’

‘ಗಾಡಿಗೆ ಅಮ್ಮ ಎದ್ದಿದೆಯಂತೆ’ ಅಂದೆ.

ಅಪ್ಪ ನಗಲಿಲ್ಲ. ಮೊದಲ ಸಲ ಅವನ ಮುಖ ಸಣ್ಣದಾಯಿತು. ‘ನಾನೇ ಕೆಡಿಸಿಬುಟ್ನೇನ್ಲಾ ರಂಗ? ಹೋಗ್ಲಿ ಬುಡು. ಆ ಇಲಿ ಬಿಲದಾಗೇ ಹೋಗಿ ಬರಾನ’ ಎಂದ. ಅಪ್ಪ ಸಬ್‌ವೇಗೆ ತಾನಾಗಿ ಒಪ್ಪಿದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಬ್ರಷ್ಷನ್ನು ಜೀಪಿನ ಹಿಂಬದಿಯ ಮೂಲೆಗೆಸೆದು, ‘ಫೇಲಾಗೋದು ನನಗೆ ಹೊಸದಲ್ಲ, ಗಾಡಿ ಹತ್ತು’ ಅಂದೆ.

ಹೆಡ್‌ಲೈಟಿನ ಸಮಸ್ಯೆ ಹಾಗೇ ಇತ್ತು. ಮೂತಿ ಏಳಬೇಕಾದರೆ ಹಿಂದೆ ಭಾರ ಬೇಕು. ನಾನು, ಅಪ್ಪ ಇಬ್ಬರೂ ಪಾಟೀಲ ಅಂಕಲ್ ಕಡೆ ನೋಡಿದೆವು. ಅಂಕಲ್ ದೇಹ ಅವರ ಬಂಪರಿನ ಹಾಗೆಯೇ ಧಾರಾಳವಾಗಿತ್ತು.

‘ಏ, ನಾ ಯಾಕ? ನಾ ಪಾಸ್ ಆಗೂದಿಲ್ಲಂತ ಹೇಳೀನಲ್ಲ.’

‘ಅದನ್ನ ಕಣ್ಣಾರೆ ನೋಡೋಕಾದ್ರೂ ಬನ್ನಿ ಅಂಕಲ್.’

ಅವರು ಕೋಟು, ಟೈ ಹಾಕಿಕೊಂಡು ಬಂದು, ಹಿಂದಿನ ಅಡ್ಡ ಸೀಟಿನ ತುತ್ತ ತುದಿಯಲ್ಲಿ ಕೂತರು. ಜೀಪು ಸಾವಕಾಶ ತಲೆ ಎತ್ತಿತು.

ಸ್ಟೇಷನ್ನಿನಲ್ಲಿ ಅದೇ ಮನುಷ್ಯ. ಅವನು ನಮ್ಮ ಗಾಡಿಯ ಗುರುತು ಹಿಡಿಯಲಿಲ್ಲ, ಅಪ್ಪನ ಹೆಬ್ಬೆರಳಿನ ಗುರುತು ಹಿಡಿದ. ನೆಲ ನೋಡಿದ, ಕಾಲಲ್ಲಿ ತುಳಿದು ನೋಡಿದ. ರಬ್ಬರಿನ ಸೂರು ಎಳೆದು ನೋಡಿದ. ಬಂಪರನ್ನು ಬೂಟಿನ ತುದಿಯಿಂದ ಒದ್ದು, ಆಮೇಲೆ ತನ್ನ ಬೂಟನ್ನೇ ನೋಡಿಕೊಂಡ. ಹೆಡ್‌ಲೈಟು ನೋಡುವಾಗ ಹಿಂದೆ ಅಂಕಲ್ ಉಸಿರು ಬಿಗಿಹಿಡಿದು ಕೂತಿದ್ದರು, ಉಸಿರಿನಿಂದ ಭಾರ ಹೆಚ್ಚಾಗುತ್ತದೆ ಎಂದೋ ಏನೋ. ಎಲ್ಲ ಮುಗಿಯಿತು ಅನ್ನುವಾಗ ಅವನ ಕಣ್ಣು ಮಡ್‌ಗಾರ್ಡಿನ ಮೇಲೆ ನಿಂತಿತು. ಅಲ್ಲಿಂದ ಬಾಗಿಲಿಗೆ, ಅಲ್ಲಿಂದ ಬಾನೆಟ್ಟಿಗೆ. ಎಲ್ಲೆಲ್ಲೂ ದುಂಡಗೆ, ಕೆಂಪಗೆ.

‘ರಸ್ಟ್’ ಅಂದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ನನಗೆ ಇಂಗ್ಲಿಷೆಲ್ಲ ಮರೆತುಹೋಯಿತು. ಅವನು ಒಂದು ಕುಂಕುಮವನ್ನು ಚುಚ್ಚಿದ. ತುಕ್ಕಾಗಿದ್ದರೆ ಒಳಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಇನ್ನೊಂದನ್ನು ಚುಚ್ಚಿದ, ಅದೂ ಗಟ್ಟಿ. ಅಪ್ಪ ಕುಂಕುಮ ಒತ್ತಿದ ರಭಸಕ್ಕೆ ಪುಟ್ಟಿ ಅಲ್ಲಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಿತ್ತೆಂದು ನನ್ನ ಅನುಮಾನ. ಅವನು ಬೆರಳಿಂದ ಮುಟ್ಟಿ, ಮೂಗಿಗೆ ಹಿಡಿದ.

‘ವಾಟ್ ಈಸ್ ದಿಸ್ ಸ್ಟಫ್?’

‘ಪ್ರೇಯರ್’ ಎಂದೆ. ಅದಕ್ಕಿಂತ ಒಳ್ಳೆಯ ಪದ ಆ ಹೊತ್ತಿಗೆ ಸಿಗಲಿಲ್ಲ.

ಅವನು ಗಾಡಿಯನ್ನು ನೋಡಿದ, ಅಪ್ಪನನ್ನು ನೋಡಿದ, ಹಿಂದೆ ಟೈ ಕಟ್ಟಿಕೊಂಡು ಉಸಿರು ಬಿಗಿಹಿಡಿದ ಪಾಟೀಲ ಅಂಕಲ್‌ರನ್ನು ನೋಡಿದ.

‘ಡಸ್ ಇಟ್ ವರ್ಕ್?’ ಎಂದು ಕೇಳಿದ.

‘ಅದನ್ನ ನೀವೇ ಹೇಳ್ಬೇಕು’ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಕೆಂಪು ಸ್ಟಿಕರನ್ನು ಬ್ಲೇಡಿನಿಂದ ಕೆರೆದು ತೆಗೆದು ಹೊಸದನ್ನು ಅಂಟಿಸಿದ. ಪಾಸಾದ ಕಾಗದದ ಮೇಲೆ ಠಸ್ಸೆ ಹೊಡೆದು, ಎಡಗಡೆಯ ಕಿಟಕಿಯಿಂದ ನನ್ನ ಕೈಗೆ ಕೊಟ್ಟ. ಹಿಂದೆ ಅಂಕಲ್ ಉಸಿರು ಬಿಟ್ಟರು. ಜೀಪು ಅಲ್ಲಾಡಿತು. ‘ಬಂಪರ್ ನೋಡಿ ಕೊಟ್ಟಾನ’ ಎಂದು ಅವರು ಗೊಣಗಿದ್ದು ಕೇಳಿಸಿತು.

ಅಪ್ಪ ಕೈ ಚಾಚಿ ಕಾಗದ ತೆಗೆದುಕೊಂಡ. ಈ ಸಲವೂ ತಲೆಕೆಳಗಾಗಿಯೇ ಹಿಡಿದಿದ್ದ. ಅದನ್ನು ನೋಡಿದ, ಸ್ಟೇರಿಂಗ್ ಹಿಡಿದು ಎಡಗಡೆ ಕೂತಿದ್ದ ನನ್ನನ್ನು ನೋಡಿದ, ಮತ್ತೆ ಕಾಗದ ನೋಡಿದ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೆ ಎಂದಿನಂತೆ ಹದವಾಗಿ ಇರಿಸಿದ.

‘ಎಡಗಡೆ ಕೂರೋನಾಗ್ತೀಯ ಅಂದಿದ್ದೆ ಕಣ್ಲಾ’ ಅಂದ. ‘ಸ್ಟೇರಿಂಗೂ ಜೊತೇಲೇ ಬತ್ತದೆ ಅಂತ ನಂಗೇನು ಗೊತ್ತು. ನಡಿ ಸಾಹೇಬ, ಗಣಪತಿ ಕಾಯ್ತಾವ್ನೆ.’